ಹಸಿರೇ ಇದೆ

ಭಾವನಿಗೆ ಹಸಿರು ಯಾವುದು, ಹಳದಿ ಯಾವುದು ಎಂದು ಗುರುತಿಸುವ ಕಣ್ಣಿರಲಿಲ್ಲ. ದರ್ಜಿಗೆ ಇದು ಸಣ್ಣ ಕೊರತೆಯಲ್ಲ. ಅಕ್ಕ ದಾರದ ಉಂಡೆಗಳಿಗೆಲ್ಲ ಚೀಟಿ ಅಂಟಿಸಿ 'ಗಿಳಿಹಸಿರು', 'ನಿಂಬೆ' ಎಂದು ಬರೆದಿಡುತ್ತಿದ್ದಳು. ಗಿರಾಕಿಗಳಿಗೆ ಇದು ತಿಳಿಯದು. ನನಗೆ ತಿಳಿದಿದೆ ಎಂದು ಭಾವನಿಗೂ ತಿಳಿಯದು.

ನಾನು ಆಸ್ಪತ್ರೆಯಲ್ಲಿ ನರ್ಸ್. ಕಾಲು ಮುರಿದು ಎರಡು ತಿಂಗಳು ಮಲಗಿದ್ದಾಗ ನನ್ನ ಮೀನಿನ ತೊಟ್ಟಿ ನೋಡಿಕೊಳ್ಳಲು ಭಾವನಿಗೆ ಹೇಳಿದ್ದೆ. ಅವನು ತೊಟ್ಟಿಯನ್ನೇ ಎತ್ತಿಕೊಂಡು ಹೋಗಿ ಅಂಗಡಿಯ ಗಾಜಿನ ಹಿಂದೆ ಇಟ್ಟ. ನಾಲ್ಕು ವರ್ಷ ನಾನು ಇಕ್ಕಳ ಹಿಡಿದು ಒಂದೊಂದೇ ನೆಟ್ಟ ಗಿಡಗಳು. ನಾನು ಊರುಗೋಲು ಬಿಡುವ ಹೊತ್ತಿಗೆ ಪತ್ರಿಕೆಯಲ್ಲಿ ಫೋಟೋ ಬಂದಿತ್ತು: 'ದರ್ಜಿ ಬೆಳೆಸಿದ ನೀರೊಳಗಿನ ತೋಟ'. ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ಭಾವ.

"ವಾಪಸ್ ಕೊಡಿ ಭಾವ" ಎಂದೆ.

"ಅಯ್ಯೋ, ಇಲ್ಲಿಗೆ ಹೊಂದ್ಕೊಂಡ್ಬಿಟ್ಟಿವೆ ಮಾರಾಯ. ನಿನ್ನ ಕೋಣೇಲಿ ಯಾರು ನೋಡ್ತಾರೆ? ಗೋಡೆನಾ?"

ಅಕ್ಕ ನಕ್ಕಳು. ನಾನೂ ನಕ್ಕೆ. ಆಮೇಲೆ ಒಂದು ತಿಂಗಳು ಕಾದೆ.

ಗಿಡ ಸೊರಗಿದಾಗ ಅವನೇ ಕರೆದ. "ಭಾಮೈದ, ಅದೇನೋ ಗ್ಯಾಸ್ ಬಿಡ್ತಿದ್ದೆಯಲ್ಲ, ಮಾಡ್ಕೊಡಪ್ಪ. ನಾಡಿದ್ದು ಅಕ್ವೇರಿಯಂ ಸಂಘದವರು ನೋಡೋಕೆ ಬರ್ತಾರೆ."

ಅಕ್ಕ ಎರಡು ದಿನ ಗೆಳತಿಯ ಮನೆಗೆ ಹೋಗುವವಳಿದ್ದಳು. ಅವಳು ಹೊರಟ ಮೇಲೆ ಹೋದೆ.

ದೊಡ್ಡ ಬಾಟಲಿಗೆ ಸಕ್ಕರೆ, ಬೆಚ್ಚಗಿನ ನೀರು, ಯೀಸ್ಟ್. ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ, ಗಿಡ ಆ ಗ್ಯಾಸ್ ಕುಡಿಯುತ್ತದೆ. ಮುಚ್ಚಳಕ್ಕೆ ತೂತು ಕೊರೆದು ಡ್ರಿಪ್ ಸೆಟ್ಟಿನ ನಳಿಗೆ ತೂರಿಸಿ ಅಂಟು ಬಳಿದು, ಇನ್ನೊಂದು ತುದಿಯನ್ನು ತೊಟ್ಟಿಗೆ ಇಳಿಬಿಟ್ಟೆ. ರೋಗಿಗೆ ಹನಿ ಎಣಿಸುವ ಕೊಳವೆಯಲ್ಲೇ ಗುಳ್ಳೆಯನ್ನೂ ಎಣಿಸಬಹುದು. ಎರಡು ಸೆಕೆಂಡಿಗೆ ಒಂದು ಗುಳ್ಳೆ ಸಾಕು. ನಾನು ಎರಡು ಬಾಟಲಿ ಕೂಡಿಸಿದೆ, ಯೀಸ್ಟ್ ಮೂರು ಪಟ್ಟು ಹಾಕಿದೆ. ಕೊನೆಗೆ ತೊಟ್ಟಿಯ ಒಳಗೋಡೆಗೆ ಬಣ್ಣದ ನೀರಿನ ಪುಟ್ಟ ಗಾಜಿನ ಬುರುಡೆ ಅಂಟಿಸಿದೆ.

"ಇದು ನೀಲಿ ಇದ್ರೆ ಗ್ಯಾಸ್ ಕಮ್ಮಿ. ಹಸಿರು ಇದ್ರೆ ಸರಿ. ಹಳದಿ ಆಯ್ತೋ, ಮೀನಿಗೆ ಉಸಿರು ಕಟ್ಟುತ್ತೆ. ತಕ್ಷಣ ನಳಿಗೆ ಕೀಳ್ಬೇಕು."

ಭಾವ ಬುರುಡೆಯನ್ನು ನೋಡಿದ. "ಅಷ್ಟೇ ತಾನೇ? ಬಣ್ಣದ ಮಧ್ಯೆನೇ ಕೂದಲು ನರೆತಿದೆ ನಂಗೆ."

ಬಣ್ಣ ಯಾವುದೆಂದು ಯಾರನ್ನೂ ಕೇಳಲಾರ ಎಂದು ನಾನು ಲೆಕ್ಕ ಹಾಕಿದ್ದೆ. ಅವನ ಜಂಬವೇ ಕೆಲಸ ಮುಗಿಸುತ್ತದೆ, ನನ್ನ ಕೈಗೆ ಏನೂ ಅಂಟುವುದಿಲ್ಲ.

ಮರುದಿನ ಹನ್ನೊಂದಕ್ಕೆ ವಾರ್ಡಿಗೆ ಫೋನ್ ಮಾಡಿದ. ದನಿ ತಗ್ಗಿತ್ತು.

"ಒಂದು ಫೋಟೋ ಕಳ್ಸಿದೀನಿ ನೋಡು. ಯಾವ ಬಣ್ಣ ಹೇಳು. ನಂಗೆ... ನಿಮ್ಮಕ್ಕನ್ನ ಬಿಟ್ಟು ಯಾರಿಗೂ ಹೇಳಿಲ್ಲ ಕಣೋ. ನಂಗೆ ಎರಡೂ ಒಂದೇ ಥರ ಕಾಣುತ್ತೆ."

ಫೋಟೋ ತೆರೆದೆ. ಬುರುಡೆ ಅಪ್ಪಟ ಹಳದಿ. ಮೀನುಗಳೆಲ್ಲ ನೀರಿನ ಮೇಲ್ಗಡೆ ಬಾಯಿ ಚಾಚಿದ್ದವು. ನನ್ನವೇ ಮೀನು, ಒಂದೊಂದರ ಗುರುತೂ ಇತ್ತು.

"ಹಸಿರೇ ಇದೆ ಭಾವ."

"ಮೀನೆಲ್ಲ ಮೇಲೆ ಬಂದಿವೆಯಲ್ಲೋ?"

"ಹಸಿದಿರ್ತವೆ. ಊಟ ಹಾಕಿ."

"ಬದುಕಿಸ್ದೆ ಮಾರಾಯ" ಎಂದು ಫೋನಿಟ್ಟ. ನಾನು ಮೂರನೇ ಹಾಸಿಗೆಯವನ ಡ್ರಿಪ್ ಬದಲಿಸಿ, ಹನಿ ಎಣಿಸಿ, ಚೀಟಿಯಲ್ಲಿ ಬರೆದೆ.

ಸಂಜೆ ಅಂಗಡಿಗೆ ಹೋದೆ. ಸುದ್ದಿ ಕೇಳಿ ಅಕ್ಕ ವಾಪಸಾಗಿದ್ದಳು. ಭಾವ ಬಲೆ ಹಿಡಿದು ಕೂತಿದ್ದ.

"ಇವನದೇನೂ ತಪ್ಪಿಲ್ಲ ಕಣೇ" ಎಂದು ಅವಳಿಗೆ ಹೇಳಿದ. "ಫೋಟೋದಲ್ಲಿ ಬಣ್ಣ ಸರಿಯಾಗಿ ಕಂಡಿರಲ್ಲ." ನನ್ನ ಕಡೆ ತಿರುಗಿದ. "ಮರಿ ಹಾಕಿದ್ವೋ ನಿನ್ನ ಮೀನು. ದೊಡ್ಡವಾದ ಮೇಲೆ ತೊಟ್ಟಿ ಸಮೇತ ನಿಂಗೇ ಕೊಡೋಣ ಅಂತಿದ್ದೆ."

ಅಕ್ಕ ಅವನ ಫೋನ್ ತೆಗೆದುಕೊಂಡು ಫೋಟೋ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಿಂಬೆ" ಎಂದಳು. ಅಷ್ಟೇ.

ಗಿಡಗಳು ಮಾತ್ರ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿದ್ದವು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ ಸತ್ತ ಮೀನುಗಳನ್ನು ಸಾಲಾಗಿ ಇಟ್ಟಿದ್ದರು. ದೊಡ್ಡವು ಹನ್ನೊಂದು. ಮರಿಗಳು ಇಪ್ಪತ್ತಾರು.