ಪಾಪಾತಿ ಇಟ್ಟ ಕುಂಕುಮ

ಕಂಪ್ಯೂಟರಿನ ಹೊಸ ಡಿಸ್ಕಿಗೆ ಕುಂಕುಮ ಇಡಿಸಿದವನು ಲಿಂಗಸಾಮಿಯೇ. ಇದೊಂದನ್ನು ನೀವು ಮರೆಯಬೇಡಿ. ಮರೆಯಲು ಅವನೇ ಸಾಕಷ್ಟು ಪ್ರಯತ್ನಪಟ್ಟ.

೧೯೮೭ರ ಮಾತು. ಕೊಯಮತ್ತೂರಿನ ಹೊರಗೆ ಪೊಳ್ಳಾಚಿ ರಸ್ತೆಯ ಆ ನೂಲಿನ ಗಿರಣಿಯಲ್ಲಿ ಕಂಪ್ಯೂಟರ್ ಕೋಣೆಗೆ ಮ್ಯಾನೇಜರ್ ಕೂಡ ಚಪ್ಪಲಿ ಬಿಟ್ಟೇ ಹೋಗುತ್ತಿದ್ದರು. ನೆಗಮ ಎಂಬ ಊರಿನ, ಮನೆಮಾತು ಕನ್ನಡವಾದ ನೇಕಾರರ ಮನೆಯ ಲಿಂಗಸಾಮಿ ಡಿಪ್ಲೊಮಾ ಓದಿ ಆ ಕೋಣೆಯ ಕುರ್ಚಿಗೆ ಬಂದಿದ್ದ. ಅದೇ ಕೋಣೆ ಗುಡಿಸುತ್ತಿದ್ದ ಪಾಪಾತಿ ಅವನ ಸೋದರತ್ತೆ, ಅಪ್ಪನ ಒಡಹುಟ್ಟಿದ ತಂಗಿ. ಗಿರಣಿಯಲ್ಲಿ ಇದು ಒಬ್ಬರಿಗೂ ಗೊತ್ತಿರಲಿಲ್ಲ. ನಾಲ್ಕು ಜನರ ಎದುರು ಅವನು ಅವಳೊಡನೆ ತಮಿಳಿನಲ್ಲೇ ಎರಡು ಮಾತಾಡಿ ಮುಗಿಸುತ್ತಿದ್ದ, ಅವಳು "ಸರಿ ಸಾರ್" ಎನ್ನುತ್ತಿದ್ದಳು. ಎತ್ತಿ ಆಡಿಸಿದ ಅತ್ತೆಯಿಂದಲೇ ಸಾರ್ ಎನ್ನಿಸಿಕೊಳ್ಳುವ ಭಾಗ್ಯ ಅವನದಾಗಿತ್ತು.

ಹಳೆಯ ಡಿಸ್ಕ್ ತುಂಬಿಹೋದಾಗ ಇಟ್ಟಿಗೆ ಗಾತ್ರದ ಹೊಸದೊಂದು ಬಂತು. ಎರಡನ್ನೂ ಸೇರಿಸಿ ಒಂದೇ ವಾಲ್ಯೂಮ್ ಮಾಡಬೇಕು, ಅಂದರೆ ಕಂಪ್ಯೂಟರಿನ ಕಣ್ಣಿಗೆ ಅವೆರಡೂ ಒಂದೇ ದೊಡ್ಡ ಉಗ್ರಾಣವಾಗಬೇಕು. ಲಿಂಗಸಾಮಿಗೆ ಮಗ್ಗ ನೆನಪಾಯಿತು. ಅವರ ಮನೆಯಲ್ಲಿ ಹಳೆಯ ಹಾಸಿನ, ಅಂದರೆ ಮಗ್ಗದ ಉದ್ದನೆಯ ನೂಲಿನ, ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಗಂಟು ಹಾಕುವ ಮುಂಚೆ ಮನೆಮಗಳು ಮಗ್ಗಕ್ಕೆ ಕುಂಕುಮ ಇಡಬೇಕು. ಹಳೆಯ ತುದಿಯನ್ನು ಮಾತ್ರ ಯಾರೂ ಮುಟ್ಟಬಾರದು, ಕಡಿದರೆ ಮಗ್ಗ ಬರಿದಾಗುತ್ತದೆ.

ಗುರುವಾರ ಊಟದ ಹೊತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅತ್ತೆ, ನಿಮ್ಮ ಕೈಯಾರ ಒಂದು ಬೊಟ್ಟು ಇಟ್ಟುಬಿಡಿ" ಎಂದ, ಮೆಲ್ಲಗೆ, ಕನ್ನಡದಲ್ಲಿ.

"ನಾನಾ, ಕಣ್ಣು? ಇದನ್ನ ಮುಟ್ಟಬಹುದಾ?" ಎಂದು ಚಿಕ್ಕಂದಿನ ಮುದ್ದಿನ ಮಾತಲ್ಲೇ ಅವನನ್ನು ಕರೆಯುತ್ತ ಅವಳು ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. ಸೊಂಟದ ಸಂಚಿಯಿಂದ ಕುಂಕುಮ ತೆಗೆದು ಡಿಸ್ಕಿನ ತಗಡಿನ ಮೇಲೆ ಇಟ್ಟಳು. ಅವಳ ಮುಖದಲ್ಲಿದ್ದ ಹಿಗ್ಗು ನೋಡಿ ಅವನಿಗೂ ಹಿತವಾಯಿತು.

ಅಂದು ಸಂಜೆ ಎರಡು ಡಿಸ್ಕೂ ಒಂದಾದವು. ಶುಕ್ರವಾರ ಬೆಳಿಗ್ಗೆ ಕಂಪ್ಯೂಟರ್ ಶುರುಮಾಡಿದರೆ ಹೊಸದು ಕಾಣಿಸಲೇ ಇಲ್ಲ. ಒಂದಾದ ಮೇಲೆ ಅರ್ಧ ಕಾಣದಿದ್ದರೆ ಇಡೀ ಉಗ್ರಾಣವೇ ತೆರೆಯುವುದಿಲ್ಲ. ತಿರುಪ್ಪೂರಿಗೆ ಹೊರಟ ಲಾರಿ ಅಂಗಳದಲ್ಲಿ ನಿಂತಿತ್ತು, ಯಾವ ನೂಲು ಯಾರಿಗೆ ಎಂಬ ಪಟ್ಟಿ ಡಿಸ್ಕಿನೊಳಗಿತ್ತು. ಲಿಂಗಸಾಮಿ ಕೇಬಲ್ ಕಿತ್ತು ಮತ್ತೆ ಚುಚ್ಚಿದ, ಕರೆಂಟಿನ ವೈರು ಬದಲಿಸಿದ, ಡಿಸ್ಕಿನ ನಂಬರು ಸರಿಯಿದೆಯೇ ಎಂದು ಮೂರು ಸಲ ನೋಡಿದ. ಒಮ್ಮೆ ಕಂಡಂತಾಗಿ ಮತ್ತೆ ಮಾಯವಾಯಿತು. ಏಸಿ ಕೋಣೆಯಲ್ಲೂ ಬೆವರು ಇಳಿಯಿತು.

ಮ್ಯಾನೇಜರ್ ಗುರುಸಾಮಿ ಬಂದು ಹಿಂದೆ ನಿಂತರು. ಅವರ ಕಣ್ಣು ಮೊದಲು ಹೋದದ್ದೇ ಕುಂಕುಮಕ್ಕೆ. "ಇದ್ಯಾರು ಮೆತ್ತಿದ್ದು?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪಾಪ, ಅವಳು ನೆಲವನ್ನಷ್ಟೇ ದೂರಿದಳು. ಲಿಂಗಸಾಮಿ ಹೇಳಿದ: "ಗುಡಿಸೋ ಹೆಂಗಸು ಇರಬೇಕು ಸಾರ್. ಪುಡಿ ಒಳಗೆ ಹೋಗಿ ಕೆಟ್ಟಿರಬಹುದು."

ಪಾಪಾತಿಯನ್ನು ಕರೆಸಿದರು. ಅವಳು ಒಮ್ಮೆ ಲಿಂಗಸಾಮಿಯ ಮುಖ ನೋಡಿದಳು. ಅವನು ಸ್ಕ್ರೂ ಹುಡುಕುವವನಂತೆ ಬಗ್ಗಿದ.

"ಹೌದು ಸಾರ್, ನಾನೇ ಇಟ್ಟೆ. ಹೊಸಾ ಮಿಷಿನು ಅಂತ ಆಸೆಯಾಯ್ತು. ಯಾರೂ ಇಡು ಅಂತ ಹೇಳಲಿಲ್ಲ" ಎಂದಳು, ಚೊಕ್ಕ ತಮಿಳಿನಲ್ಲಿ.

ನಾಳೆಯಿಂದ ಬರಬೇಡ ಎಂದರು ಗುರುಸಾಮಿ. ಅವಳು ಸೆರಗಿನ ತುದಿಯಿಂದ ಆ ಬೊಟ್ಟನ್ನು ತಾನೇ ಒರೆಸಿ ಹೊರಗೆ ಹೋದಳು.

ಅರ್ಧ ಗಂಟೆಯ ನಂತರ ಲಿಂಗಸಾಮಿ ಕೈಪಿಡಿಯ ಆ ಪುಟಕ್ಕೆ ಬಂದ. ಸಾಲಿನ ಕೊನೆಯ ಡಿಸ್ಕಿನಲ್ಲಿ ಬೆರಳ ಗೆಣ್ಣಿನಷ್ಟು ಉದ್ದದ ಒಂದು ತುಂಡು ಇರಬೇಕು, ಸಾಲು ಇಲ್ಲಿಗೆ ಮುಗಿಯಿತು ಎಂದು ತಿಳಿಸಲು. ಹೊಸದನ್ನು ಸೇರಿಸುವಾಗ ಹಳೆಯದರಲ್ಲಿರುವ ತುಂಡನ್ನು ಕಿತ್ತುಬಿಡಬೇಕು, ಇಲ್ಲದಿದ್ದರೆ ಹೊಸದು ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತದೆ. ಅವನು ಕಿತ್ತಿರಲಿಲ್ಲ. ಇದೇ ಪುಟವನ್ನು ನಿನ್ನೆಯೂ ಓದಿದ್ದ. ಆದರೆ ಹಳೆಯ ತುದಿಗೆ ಕೈ ಹಾಕಲು ನೇಕಾರನ ಕೈ ಒಪ್ಪಿರಲಿಲ್ಲ. ಈಗ ಕಿತ್ತ. ಎರಡು ಡಿಸ್ಕೂ ಕಾಣಿಸಿದವು, ಪಟ್ಟಿ ಅಚ್ಚಾಯಿತು, ಲಾರಿ ಹೊರಟಿತು.

"ನೋಡಿದೆಯಾ, ಕುಂಕುಮ ಒರೆಸಿದ ಮೇಲೆ ಸರಿಹೋಯ್ತು" ಎಂದು ಗುರುಸಾಮಿ ಬೆನ್ನು ತಟ್ಟಿದರು. ಕಿತ್ತ ತುಂಡು ಲಿಂಗಸಾಮಿಯ ಅಂಗಿಯ ಜೇಬಿನಲ್ಲಿತ್ತು.

ಗೇಟಿನ ಹೊರಗೆ ಪಾಪಾತಿ ಬಸ್ಸಿಗೆ ಕಾಯುತ್ತಿದ್ದಳು. ಅವನು ಓಡಿ ಹೋದ.

"ಓಡ್ತಾ ಕಣ್ಣು?" ಅವಳು ಮೊದಲು ಕೇಳಿದ್ದು ಅದನ್ನೇ.

"ಓಡ್ತು ಅತ್ತೆ. ತಪ್ಪು ನಂದು, ಕುಂಕುಮದ್ದಲ್ಲ. ಈಗಲೇ ಹೋಗಿ ಹೇಳಿಬಿಡ್ತೀನಿ."

"ಒಂದೂ ಹೇಳಬ್ಯಾಡ. ಹೇಳಿದರೆ ನಾವಿಬ್ಬರೂ ಈ ಗೇಟ್‌ನಾಗೆ ನಿಲ್ಲಬೇಕು. ನಿಮ್ಮಪ್ಪ ನಿನ್ನ ಓದಿಸಿದ್ದು ಇದಕ್ಕಾ? ನನಗೆ ಇನ್ನೊಂದು ಪೊರಕೆ ಸಿಗಲ್ವಾ?"

ಲಿಂಗಸಾಮಿಗೆ ಹಾಯೆನಿಸಿತು. ಹೌದು, ಹಾಯೆನಿಸಿತು, ಅದರಷ್ಟು ನಾಚಿಕೆಗೇಡು ಎಂದು ಅವನಿಗೆ ಮುಂದೆಂದೂ ಯಾವುದೂ ಅನ್ನಿಸಲಿಲ್ಲ.

ಬಸ್ಸು ಬಂತು. ಅಷ್ಟರಲ್ಲಿ ಆಫೀಸಿನ ಇಬ್ಬರು ಗೇಟಿನಿಂದ ಹೊರಬಂದು ಅವನತ್ತ ಕೈ ಬೀಸಿದರು. ಪಾಪಾತಿ ಫುಟ್‌ಬೋರ್ಡಿನ ಮೇಲೆ ನಿಂತು, ಅವನು ಏನಾದರೂ ಹೇಳುತ್ತಾನೇನೋ ಎಂದು ತಿರುಗಿ ನೋಡಿದಳು.

"ಪೋಯಿಟ್ಟು ವಾಂಗಮ್ಮಾ" ಎಂದ ಲಿಂಗಸಾಮಿ ತಮಿಳಿನಲ್ಲಿ, ದಾರಿಯಲ್ಲಿ ಸಿಕ್ಕ ಯಾರಿಗೋ ಹೋಗಿಬನ್ನಿ ಎನ್ನುವ ಹಾಗೆ.

"ಸರಿ ಸಾರ್" ಎಂದಳು ಅತ್ತೆ.