ಸೈದಪ್ಪ ತಂದ ಡ್ರಿಲ್ ಮಶೀನು

ರೇವಣಸಿದ್ದನಿಗೆ ಸಾಕಾಗಿಹೋಗಿತ್ತು. ಥಾಣೆಯ ಘೋಡಬಂದರ್ ರಸ್ತೆಯ ಬಿಲ್ಡಿಂಗ್ ಸೈಟಿನಲ್ಲಿ ಡ್ರಿಲ್ ಮಶೀನು ಕಾಣೆಯಾಗಿತ್ತು. ಸ್ಟೋರಿನ ಕೀಲಿ ಇವನ ಹತ್ತಿರ ಇತ್ತು, ಹಾಗಾಗಿ ಅನುಮಾನವೂ ಇವನ ಮೇಲೆಯೇ. ಪೊಲೀಸರು ಮತ್ತೆ ಮತ್ತೆ ಕರೆಸುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೂತು ಕೆಲಸವೂ ಹೋಯಿತು, ನಿದ್ದೆಯೂ ಹೋಯಿತು. ಕಳವಾ ಬಡಾವಣೆಯ ಗಲ್ಲಿಯೊಂದರ ಸಣ್ಣ ಖೋಲಿಯಲ್ಲಿ ಹೆಂಡತಿ ದಾನಮ್ಮ ರೊಟ್ಟಿ ಬಡಿಯುತ್ತಾಳೆ, ತಿನ್ನುವವರಿಲ್ಲ.

ಇವತ್ತು ಮತ್ತೆ ಸ್ಟೇಷನ್ನಿಗೆ ಹೋಗಬೇಕು. ಅಷ್ಟರಲ್ಲಿ ಸೈದಪ್ಪ ಬಂದ. ಊರಿಂದ ಇವರಂಥ ಕೂಲಿಗಳನ್ನೆಲ್ಲ ಗುಂಪಾಗಿ ಕರೆತಂದು ಕೆಲಸಕ್ಕೆ ಹಚ್ಚಿದ ಟೋಳಿಯ ಮುಕಾದಮ. ಕೈಯಲ್ಲಿ ಗೋಣಿಚೀಲ, ಒಳಗೆ ಹಳೇ ಸಾಮಾನಿನ ಬಜಾರಿನಿಂದ ಕೊಂಡು ತಂದ ಬೇರೊಂದು ಡ್ರಿಲ್ ಮಶೀನು.

"ಕಳದದ್ದು ಇದ ಅಂತ ಕೊಟ್ಟು, ತಪ್ಪಾತ್ರಿ ಸಾಹೇಬ್ರ ಅಂದುಬಿಡು. ಮುಗೀತು."

"ಕಾಕಾ, ಇವ್ರು ತಗೊಂಡೇ ಇಲ್ಲಲ್ಲ!" ಎಂದಳು ದಾನಮ್ಮ.

"ಯಾರ್ ತಗೊಂಡ್ರು ಅಂತ ನಾವ್ ಯಾವಾಗರ ಕೇಳೀವೇನವ್ವ? ಸಾಮಾನ ಕಳೀತಂದ್ರ ಎಲ್ಲಾರೂ ಕೂಡಿ ತಂದಿಡೂದು, ಒಬ್ಬಾಂವ ತಪ್ಪಾತು ಅನ್ನೂದು. ಸೈಟಿನ ಮಾಲಕ ಶೇಟ್ ಸುಮ್ಮನಾಗ್ತಾನ."

ಟೋಳಿಯ ಪದ್ಧತಿ ಅದೇ. ಜಗಳ ಬೆಳೆಯದಿರಲಿ, ಕೂಲಿ ನಿಲ್ಲದಿರಲಿ ಎಂದು ಮಾಡಿಕೊಂಡದ್ದು. ಸೈದಪ್ಪ ಕೆಟ್ಟವನಲ್ಲ, ಒಳ್ಳೆಯದಾಗಲಿ ಎಂದೇ ಹೇಳುತ್ತಿದ್ದ; ಬೇಸರದ ಸಂಗತಿಯೆಂದರೆ ಅದೇ.

"ಅಂದ್ ಬಿಡ್ತೀನ್ ಕಾಕಾ. ಇನ್ನ ನನ್ನ ಕಡಿಂದ ಆಗೂದಿಲ್ಲ," ಎಂದ ರೇವಣಸಿದ್ದ, ಗೋಡೆಗೆ ಒರಗಿ.

ದಾನಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಮಹಿಳಾ ಗುಂಪಿನ ಸಭೆಗೆ ಬರುತ್ತಿದ್ದ ವಕೀಲೆ ನಳಿನಾಕ್ಷಿಗೆ ಫೋನ್ ಹಚ್ಚಿದಳು. ಮಂಗಳೂರು ಕಡೆಯ ಹೆಂಗಸು. ಬಂದವರೇ ಚೀಲ ನೋಡಿ ಹಣೆ ಚಚ್ಚಿಕೊಂಡರು.

"ಇದೆಂತ ಮಾಡ್ಲಿಕ್ಕೆ ಹೊರಟಿದ್ದೀರಿ ಮಾರಾಯ್ರೆ?"

"ಪೊಲೀಸ್ರ ಮುಂದ ಒಪ್ಪಿಕೊಂಡದ್ದು ಕೋರ್ಟಿನ್ಯಾಗ ನಡೆಯೂದಿಲ್ಲ ಅಂತ ನೀವ ಸಭಾದಾಗ ಹೇಳಿದ್ರಂತಲ್ರಿ. ತಪ್ಪಾತು ಅಂದ್ರ ಏನ್ ಹೋತು?" ಸೈದಪ್ಪ ಬಿಡಲಿಲ್ಲ.

"ಬರೀ ಮಾತು ನಡೆಯುವುದಿಲ್ಲ, ಹೌದು. ಆದ್ರೆ ಈ ಮಶೀನು ಉಂಟಲ್ಲ? ಇವರ ಕೈಯಿಂದಲೇ ಸಿಕ್ಕಿತು ಅಂತ ಪಂಚನಾಮೆ ಆದ್ರೆ ಅದು ಕೋರ್ಟಿಗೆ ಬರ್ತದೆ. ಪೊಲೀಸರು ಹಿಡಿದಿಟ್ಟಾಗ ಇವರು 'ಇಂಥಲ್ಲಿ ಇಟ್ಟಿದ್ದೇನೆ' ಅಂದು, ಅಲ್ಲಿಂದ ಸಾಮಾನು ಸಿಕ್ಕಿದ್ರೆ, ಅಷ್ಟು ಮಾತೂ ಸಾಕ್ಷಿಯಾಗ್ತದೆ. ಈಗ ಇವರ ಮೇಲೆ ಸಾಕ್ಷಿ ಇಲ್ಲ. ನೀವೇ ತಂದು ಕೊಡ್ತಿದ್ದೀರಿ!"

ಸೈದಪ್ಪ ಚೀಲವನ್ನು ಮೆಲ್ಲಗೆ ಕಾಲ ಹಿಂದೆ ಸರಿಸಿದ.

"ಒಪ್ಪಲಿಲ್ಲಂದ್ರ ಹೊಡೀತಾರೇನ್ರಿ?" ರೇವಣಸಿದ್ದ ಕೇಳಿದ.

"ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಹೊಡೆದ್ರೆ ಜಡ್ಜ್ ಎದುರು ಹೇಳಿ, ಡಾಕ್ಟರಿಂದ ತಪಾಸಣೆ ಕೇಳಿ. ಕರೆದಾಗ ಹೋಗಿ, ನಿಜ ಹೇಳಿ. ನಿಮ್ಮನ್ನೇ ಸಿಕ್ಕಿಸುವ ಪ್ರಶ್ನೆಗೆ ಸುಮ್ಮನಿರ್ಲಿಕ್ಕೆ ಹಕ್ಕುಂಟು. ಅವರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕ್ಬೇಕಂತ ಇಲ್ಲ, ಖಾಲಿ ಕಾಗದಕ್ಕಂತೂ ಹೆಬ್ಬೆಟ್ಟು ಒತ್ಲೇಬೇಡಿ. ಬಂಧಿಸಿದ್ರೆ ಕಾರಣ ಹೇಳ್ಬೇಕು, ದಾನಮ್ಮನಿಗೆ ತಿಳಿಸ್ಬೇಕು, ವಿಚಾರಣೆ ನಡುವೆ ವಕೀಲರನ್ನು ಕಾಣ್ಲಿಕ್ಕೆ ಬಿಡ್ಬೇಕು. ಇಪ್ಪತ್ನಾಲ್ಕು ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸ್ಬೇಕು."

"ವಕೀಲರಂದ್ರ ಫೀಸು..." ಎಂದಳು ದಾನಮ್ಮ.

"ಥಾಣೆಯಲ್ಲಿ ಕಾನೂನು ಸೇವಾ ಪ್ರಾಧಿಕಾರ ಉಂಟು. ಬಡವರಿಗೆ ವಕೀಲರು ಪುಕ್ಕಟೆ. ನಾನು ಆ ಪ್ರಾಧಿಕಾರದ ವಕೀಲೆಯೇ. ಏಳಿ, ಹೋಗುವ."

ಚೀಲ ಖೋಲಿಯಲ್ಲೇ ಉಳಿಯಿತು. ಸ್ಟೇಷನ್ನಿನಲ್ಲಿ ರೇವಣಸಿದ್ದ ಹರಕು ಹಿಂದಿಯಲ್ಲಿ ಇದ್ದದ್ದನ್ನು ಹೇಳಿದ: ಕೀಲಿ ನನ್ನ ಹತ್ತಿರ ಇತ್ತು, ಮಶೀನು ನಾನು ತಗೊಂಡಿಲ್ಲ. ಸಾಹೇಬರು ಮತ್ತೆ ಕೇಳಿದರು. ಇವನು ಮತ್ತೆ ಅದನ್ನೇ ಹೇಳಿದ.

ಸಂಜೆ ಮನೆಗೆ ಬಂದ. ಕೇಸು ಮುಗಿದಿಲ್ಲ, ಇನ್ನೂ ಕರೆಯಬಹುದು, ಕೆಲಸವೂ ಮರಳಿ ಸಿಕ್ಕಿಲ್ಲ. ಆದರೂ ಕೂತು ರೊಟ್ಟಿ ತಿಂದ. ಬಾಗಿಲಲ್ಲಿ ಸೈದಪ್ಪ ಬರಿಗೈಯಲ್ಲಿ ನಿಂತಿದ್ದ.

"ಮಶೀನ್ ಅಂಗಡ್ಯಾಂವಗ ವಾಪಸ್ ಕೊಟ್ಟು ಬಂದೆ. ನಿನ್ನ ಜೈಲಿಗಿ ನಾನ ಕಳಸ್ತಿದ್ನಲ್ಲೋ ತಮ್ಮಾ," ಎಂದ, ಹೊಸ್ತಿಲ ಮೇಲೆ ಕೂತು.

ಅಣ್ಣಂದಿರೇ, ಅಕ್ಕಂದಿರೇ, ಪೊಲೀಸರು ಕರೆದರೆ ತಪ್ಪಿಸಿಕೊಳ್ಳಬೇಡಿ. ಆದರೆ ಒಮ್ಮೆ ಮುಗಿದರೆ ಸಾಕಪ್ಪ ಎಂದು ಬೇಸತ್ತು ಮಾಡದ ತಪ್ಪನ್ನು ತಲೆಗೆ ಕಟ್ಟಿಕೊಳ್ಳಬೇಡಿ. ಕಳೆದ ಸಾಮಾನಿನ ಬದಲಿಗೆ ಬೇರೆಯದನ್ನು ಒಯ್ದು ಕೊಡಬೇಡಿ. ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಉಚಿತ ವಕೀಲರನ್ನು ಕೇಳಿ. ಇದನ್ನು ನಿಮ್ಮ ಮುಕಾದಮನಿಗೂ ಓದಿ ಹೇಳಿ. ಚೀಲ ಹಿಡಿದು ಮೊದಲು ಬರುವವನು ಅವನೇ.