ತಿರುಗದ ಹರಿವು

ಬೆಳಗಿನಿಂದ ಅದೇ ಪರೀಕ್ಷೆ ಮೂವತ್ತೊಂಬತ್ತು ಸಲ ಆಗಿತ್ತು. ನಲವತ್ತನೆಯದನ್ನೂ ನೋಡಿಬಿಡೋಣವೆಂದು ಸಂಶೋಧಕಿ ಗುಂಡಿ ಒತ್ತಿದಳು.

ಲೇಸರ್ ಕಿರಣಗಳು ಹೆಣೆದ, ಕಣ್ಣಿಗೆ ಕಾಣದ ಜಾಲರಿ. ಅದರ ಒಂದೊಂದು ಮನೆಯಲ್ಲೂ ಒಂದೊಂದು ಅಣು, ಚಳಿಗೆ ಮರಗಟ್ಟಿ ಕೂತಿರುತ್ತದೆ. ಎರಡು ಸೆಕೆಂಡು ಉಳಿದರೆ ಹೆಚ್ಚು. "ಎರಡು ಸೆಕೆಂಡಲ್ಲಿ ಮಾಯವಾಗೋದನ್ನ ನೋಡೋಕೆ ಏಳು ವರ್ಷವೇನೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದ್ದುಂಟು.

ನಡುವಿನ ಅಣುಗಳು ಮಿಸುಕುವುದಿಲ್ಲ. ಅಂಚಿನವು ಮಾತ್ರ ಒಂದೇ ದಿಕ್ಕಿಗೆ ಹರಿಯುತ್ತವೆ, ಅಡ್ಡಿ ಬಂದರೆ ಬಳಸಿಕೊಂಡು ಹೋಗುತ್ತವೆ. ಇದು ಸಿದ್ಧಾಂತ. ಕ್ಯಾಮೆರಾಗೆ ಸಿಗುವ ಒಂದೇ ಒಂದು ಅಂಚಿನಲ್ಲಿ ಆ ಹರಿವು ಕಂಡು ಮೂರು ತಿಂಗಳಾಗಿತ್ತು. ಗೈಡ್ ಲೇಖನ ಬರೆದು ಮುಗಿಸಿದ್ದರು, ಸಂಜೆ ಪತ್ರಿಕೆಗೆ ಕಳಿಸಬೇಕು. ಅದು ಹೋದರೆ ಅವಳಿಗೆ ಡಾಕ್ಟರೇಟು, ಇಲ್ಲದಿದ್ದರೆ ಎಂಟನೆಯ ವರ್ಷ. ಉಳಿದದ್ದು ಒಂದೇ ಪರೀಕ್ಷೆ: ಅಣುಗಳಿಗೆ ದಿಕ್ಕು ಕೊಡಲು ಬಿಡುವ, ಎಡಕ್ಕೆ ಸುತ್ತುವ ಮೈಕ್ರೋವೇವ್ ಅಲೆಯನ್ನು ಬಲಕ್ಕೆ ಸುತ್ತಿಸಿದರೆ ಹರಿವೂ ದಿಕ್ಕು ಬದಲಿಸಬೇಕು. ಹಲ್ಲುನೋವಿನವರಿಗೆ ಡಾಕ್ಟರ ಬಳಿ ಹೋಗಲು ಪುರುಸೊತ್ತಾಗದ ಹಾಗೆ, ಈ ಪರೀಕ್ಷೆಗೆ ಅವಳಿಗೆ ಇಂದಿನವರೆಗೆ ಪುರುಸೊತ್ತಾಗಿರಲಿಲ್ಲ.

ಪರದೆಯ ಮೇಲೆ ಚಿತ್ರ ಮೂಡಿತು. ಅದೇ ದಿಕ್ಕು.

"ತಿರುಗ್ತಾ?" ಲ್ಯಾಬಿನ ಮೆಕ್ಯಾನಿಕ್ ಮೇಜಿನ ಆಚೆಯಿಂದ ಕೇಳಿದ.

"ಇಲ್ಲ ಅಣ್ಣ."

"ಹಾಗಾದ್ರೆ ಜಾಲರೀನೇ ವಾಲಿದೆ. ನಡುವಿನವಕ್ಕೆ ಜಾರೋಕೆ ಜಾಗ ಇಲ್ಲ, ಅಂಚಿನವಕ್ಕಿದೆ. ಇಳಿಜಾರಲ್ಲಿ ಯಾರಾದ್ರೂ ಜಾರ್ತಾರೆ, ಅದಕ್ಯಾಕಮ್ಮ ಸಿದ್ಧಾಂತ? ಲೇಸರ್ ತಿರುಗಿಸೋ ಮೂರನೇ ಕನ್ನಡಿ ಒಂಚೂರು ಓರೆ ಅಂತ ನನಗೆ ಆಗ್ಲೇ ಅನ್ಸಿತ್ತು."

"ಆಗ್ಲೇ ಹೇಳ್ಬಾರ್ದಿತ್ತಾ?"

"ನೀನೂ ನಿಮ್ಮ ಸಾರೂ ಅಷ್ಟು ಖುಷಿಯಾಗಿದ್ರಿ."

ಅವಳು ಗೈಡಿಗೆ ಫೋನ್ ಮಾಡಿದಳು.

"ನಲವತ್ತರಲ್ಲಿ ಒಂದೂ ತಿರುಗ್ಲಿಲ್ವೇನಮ್ಮ?"

"ಎರಡು ತಿರುಗಿದ ಹಾಗೆ ಕಾಣ್ಸುತ್ತೆ ಸಾರ್."

"ಯಾವ ಎರಡು?" ದನಿಗೆ ಜೀವ ಬಂದಿತ್ತು.

ಅವಳು ಕಣ್ಣು ಮುಚ್ಚಿದಳು. ಇಲ್ಲಿ ಸುಮ್ಮನಿದ್ದರೂ ಸಾಕಿತ್ತು. "ಜಾಲರೀಲಿ ಅಣುಗಳು ಸರಿಯಾಗಿ ತುಂಬದ ಎರಡು. ಲೆಕ್ಕಕ್ಕೆ ಬರಲ್ಲ."

ಆ ಕಡೆ ಕುರ್ಚಿ ಕಿರುಗುಟ್ಟಿತು. "ಸರಿ ಬಿಡು. ಕಳಿಸೋದು ಬೇಡ," ಎಂದರು. ಆಮೇಲೆ, "ಊಟ ಆಯ್ತಾ?"

"ಆಯ್ತು ಸಾರ್," ಎಂದು ಆಗದ ಊಟಕ್ಕೆ ಸುಳ್ಳು ಹೇಳಿದಳು. ಆ ದಿನ ಅವಳು ಹೇಳಿದ ಸುಳ್ಳು ಅದೊಂದೇ.

ದಾಖಲೆ ಪುಸ್ತಕದಲ್ಲಿ 'ತಿರುಗಲಿಲ್ಲ' ಎಂದು ಬರೆದು, ಮೂರನೇ ಕನ್ನಡಿಯ ಸ್ಕ್ರೂ ಮೇಲೆ ಬೆರಳಿಟ್ಟಳು.

"ಇದನ್ನ ಮುಟ್ಟಿದ್ರೆ ಉಳಿದ ಹನ್ನೊಂದು ಕನ್ನಡೀನೂ ಹೊಂದಿಸ್ಬೇಕು," ಎಂದ ಮೆಕ್ಯಾನಿಕ್.

"ಎಷ್ಟು ದಿನ ಹಿಡಿಯುತ್ತೆ?"

"ದಿನದ ಲೆಕ್ಕದಲ್ಲಿ ಕೇಳ್ತೀಯಲ್ಲ, ಪಾಪ," ಎಂದು ಅವನು ಟಾರ್ಚು ಹಿಡಿದ.

ಅವಳು ಸ್ಕ್ರೂ ಸಡಿಲಿಸಿದಳು.